ಬಣ್ಣಕ್ಕೆ ಮೊದಲು ವೈರಿಂಗ್

ಹಳೆಯ ಪಿಕಪ್ ಗಾಡಿಯೊಂದು ಹೊಸ ಯಜಮಾನನ ಕೈಗೆ ಬಂದ ಕೂಡಲೇ ಅದಕ್ಕೆ ಮೊದಲು ಸಿಗುವುದು ಬಣ್ಣ. ತುಕ್ಕು ಹಿಡಿದ ತಗಡನ್ನು ಟಿಂಕರಿಂಗ್ ಮಾಡಿಸಿ, ಪುಟ್ಟಿ ಬಳಿಸಿ, ಹೊಳೆಯುವ ಬಣ್ಣ ಹೊಡೆಸುತ್ತಾರೆ. ಮುಂದಿನ ಗಾಜಿನ ಮೇಲೆ ಮಕ್ಕಳ ಹೆಸರು ಬರೆಸುತ್ತಾರೆ. ಕ್ಯಾಬಿನ್ನಿಗೆ ಹಾಡಿನ ಪೆಟ್ಟಿಗೆ, ಬಂಪರಿಗೆ ಮಿಣುಕು ದೀಪ, ನಾಲ್ಕು ಹೂವಿನ ಹಾರ. ಅಷ್ಟಾದ ಮೇಲೆ ಹಣ ಉಳಿದರೆ ಟೈರು, ಇನ್ನೂ ಉಳಿದರೆ ಬ್ರೇಕು. ಡ್ಯಾಶ್‌ಬೋರ್ಡಿನ ಕೆಳಗೆ ಹಕ್ಕಿಯ ಗೂಡಿನಂತೆ ಸುತ್ತಿಕೊಂಡಿರುವ ವೈರುಗಳ ಸರದಿ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾದದ್ದು, ಹಳೆಯ ಗಾಡಿಗೆ ಹಾಕುವ ಮೊದಲ ಹಣ ವೈರಿಂಗಿಗೆ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇವೆ.

ನಾವು ಬರೆಯುತ್ತಿರುವುದು ಉದಗೀರದ ಕಡೆಯ ಅನುಭವದ ಮೇಲೆ. ತೋಟದ ಲೈನುಗಳಲ್ಲಿ ವಾಸಿಸುವ ನಮ್ಮ ವಾಚಕರಲ್ಲಿ ಬಹಳ ಮಂದಿಗೆ ಅದು ಕಾಣದ ಊರು. ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿತು. ಗಡಿ ಎಲ್ಲಿಗೆ ಸರಿದರೂ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಎರಡರ ಜೊತೆಗೆ ದಖನಿ ಉರ್ದು. ಆದರೆ ವೈರು, ಫ್ಯೂಸು, ಅರ್ಥಿಂಗು, ಶಾರ್ಟು ಎಂಬ ಮಾತುಗಳು ಉಮರ್ಗಾದಲ್ಲೂ ಒಂದೇ, ಚಿಕ್ಕಮಗಳೂರಿನಲ್ಲೂ ಒಂದೇ.

ಗಾಡಿಯ ಕೆಲಸವೂ ಎರಡು ಕಡೆ ಒಂದೇ. ನಿಮ್ಮಲ್ಲಿ ಅದು ಗೊಬ್ಬರದ ಚೀಲ, ಕಾಫಿ ಮೂಟೆ, ಸೌದೆ ಹೊರುತ್ತದೆ. ಇಲ್ಲಿ ತೊಗರಿ, ಸೋಯಾಬೀನು ಹೊತ್ತು ಉದಗೀರದ ಇಲ್ಲವೆ ಲಾತೂರಿನ ಮಾರುಕಟ್ಟೆಗೆ ಹೋಗುತ್ತದೆ. ಸಂತೆಯ ದಿನ, ಮದುವೆಯ ದಿನ, ಆಸ್ಪತ್ರೆಗೆ ಓಡಬೇಕಾದ ರಾತ್ರಿ, ಅದೇ ಗಾಡಿಯ ಹಿಂದೆ ಜನ ಹತ್ತುತ್ತಾರೆ. ಹೊಸ ಗಾಡಿ ಕೊಳ್ಳುವ ಶಕ್ತಿ ಇಲ್ಲದವರು ಹತ್ತು ಹದಿನೈದು ವರ್ಷ ಓಡಿದ್ದನ್ನು ಕೊಂಡು ಜೀವ ತುಂಬುತ್ತಾರೆ. ಇದನ್ನು ನಾವು ಹಳಿಯುವುದಿಲ್ಲ. ಹಳೆಯದನ್ನು ಸರಿಪಡಿಸಿ ದುಡಿಸುವುದು ಬಡವರು ಕಲಿತ ವಿದ್ಯೆ, ಅದರಲ್ಲಿ ನಾಚಿಕೆ ಪಡಬೇಕಾದದ್ದಿಲ್ಲ. ನಮ್ಮ ತಕರಾರು ಸರಿಪಡಿಸುವ ಕ್ರಮದ ಬಗ್ಗೆ ಮಾತ್ರ.

ವೈರಿಂಗನ್ನು ಜನ ಏಕೆ ಅಲಕ್ಷ್ಯ ಮಾಡುತ್ತಾರೆ? ಡೀಸೆಲ್ ಗಾಡಿಯ ಸ್ವಭಾವದಲ್ಲೇ ಇದಕ್ಕೆ ಒಂದು ಕಾರಣವಿದೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ತು ಬೇಕು. ವೈರು ಕಡಿದರೆ ಪೆಟ್ರೋಲ್ ಗಾಡಿ ಅಲ್ಲೇ ನಿಲ್ಲುತ್ತದೆ, ಯಜಮಾನ ರಿಪೇರಿ ಮಾಡಿಸಲೇಬೇಕು. ಹಳೆಯ ಕಾಲದ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಪಂಪು ತಾನೇ ಎಣ್ಣೆ ಕೊಡುತ್ತದೆ, ಒತ್ತಡದ ಬಿಸಿಗೇ ಎಣ್ಣೆ ಉರಿಯುತ್ತದೆ. ಬ್ಯಾಟರಿ ಸತ್ತಿದ್ದರೂ ನಾಲ್ಕು ಜನ ತಳ್ಳಿದರೆ ಹೊರಟುಬಿಡುತ್ತದೆ. ಹಿಂದಿನ ದೀಪ ಇಲ್ಲ, ಇಂಡಿಕೇಟರ್ ಇಲ್ಲ, ಹಾರ್ನ್ ಒಮ್ಮೆ ಕೂಗಿದರೆ ಒಮ್ಮೆ ಇಲ್ಲ, ಆದರೂ ಗಾಡಿ ಓಡುತ್ತದೆ, ಬಾಡಿಗೆ ಬರುತ್ತದೆ. ಓಡುವ ಗಾಡಿಗೆ ರೋಗವಿಲ್ಲ ಎಂದು ಯಜಮಾನ ನಂಬುತ್ತಾನೆ. ವೈರಿಂಗಿನ ರೋಗ ಅವನ ಜೇಬಿಗೆ ತಟ್ಟುವುದು ಬಹಳ ತಡವಾಗಿ.

ಎರಡನೆಯ ಕಾರಣ, 12 ವೋಲ್ಟಿನ ಬಗೆಗಿನ ಉದಾಸೀನ. ಮನೆಯ ಕರೆಂಟು 230 ವೋಲ್ಟು, ಮುಟ್ಟಿದರೆ ಪ್ರಾಣ ಹೋದೀತೆಂದು ಮಕ್ಕಳಿಗೂ ಗೊತ್ತು. ಗಾಡಿಯದು 12 ವೋಲ್ಟು, ಕೈ ಇಟ್ಟರೂ ಹೊಡೆಯುವುದಿಲ್ಲ. ಹೊಡೆಯದ್ದು ಸುಡಲಾರದು ಎಂದು ಜನ ತಿಳಿದಿದ್ದಾರೆ. ಇದು ತಪ್ಪು. ಎಂಜಿನ್ ತಿರುಗಿಸುವ ಬ್ಯಾಟರಿಗೆ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಹರಿಸುವ ಬಲವಿದೆ, ಇಲ್ಲದಿದ್ದರೆ ಸೆಲ್ಫ್ ತಿರುಗುವುದೇ ಇಲ್ಲ. ಅಂಥ ಬ್ಯಾಟರಿಯ ಪಾಸಿಟಿವ್ ವೈರು ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಕೆಲವೇ ಕ್ಷಣಗಳಲ್ಲಿ ತಾಮ್ರ ಕೆಂಪಗೆ ಕಾಯುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಪಕ್ಕದ ವೈರುಗಳೂ ಬೆತ್ತಲಾಗುತ್ತವೆ, ಸೀಟಿನ ರೆಗ್ಜಿನು ಹೊತ್ತಿಕೊಳ್ಳುತ್ತದೆ.

ಇದನ್ನು ತಡೆಯುವುದಕ್ಕಾಗಿಯೇ ಫ್ಯೂಸು ಇರುವುದು. ಫ್ಯೂಸು ದೀಪವನ್ನು ಕಾಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ವೈರು ತಡೆಯಬಲ್ಲಷ್ಟು ವಿದ್ಯುತ್ತಿಗಿಂತ ಹೆಚ್ಚು ಹರಿದರೆ ವೈರು ಕಾಯುವ ಮೊದಲೇ ತಾನು ಕರಗಿ ದಾರಿ ಕಡಿಯಬೇಕು. ಆದ್ದರಿಂದ ಫ್ಯೂಸಿನ ಅಳತೆಯನ್ನು ವೈರಿನ ದಪ್ಪ ನೋಡಿ ಇಡುತ್ತಾರೆ. ಒಂದೇ ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ಶಾರ್ಟ್ ಇದೆ ಇಲ್ಲವೆ ಹೊರೆ ಹೆಚ್ಚಾಗಿದೆ ಎಂದು ಅದು ಹೇಳುತ್ತಿದೆ. ನಮ್ಮ ಜನ ಮಾಡುವುದೇನು? ಸಿಗರೇಟು ಪ್ಯಾಕಿನ ಬೇಗಡೆ ಸುತ್ತುತ್ತಾರೆ, ತಾಮ್ರದ ಎಳೆ ಬಿಗಿಯುತ್ತಾರೆ, 10 ಆಂಪಿಯರ್ ಇದ್ದಲ್ಲಿ 30 ಆಂಪಿಯರಿನದನ್ನು ಸಿಕ್ಕಿಸುತ್ತಾರೆ. ಮತ್ತೆ ಫ್ಯೂಸು ಹೋಗುವುದಿಲ್ಲ, ಎಲ್ಲರಿಗೂ ಸಮಾಧಾನ. ಅಂದಿನಿಂದ ಡ್ರೈವರನ ಮೊಣಕಾಲಿನ ಹತ್ತಿರ ಇರುವ ಇಡೀ ವೈರಿನ ಕಟ್ಟೇ ಫ್ಯೂಸು ಆಗಿ ಕುಳಿತಿರುತ್ತದೆ.

ನಾವು ಕಣ್ಣಾರೆ ಕಂಡ ಒಂದು ಗಾಡಿಯ ಸಂಗತಿ ಇಲ್ಲಿ ಹೇಳಬೇಕು. ಉದಗೀರ ತಾಲೂಕಿನ ಹಳ್ಳಿಯೊಂದರ ನಾಲ್ಕು ಕುಟುಂಬದವರು ಕೂಡಿ ಹಣ ಹಾಕಿ ಇಪ್ಪತ್ತು ವರ್ಷಕ್ಕೆ ಹತ್ತಿರವಾದ ಟಾಟಾ 207 ಪಿಕಪ್ ಒಂದನ್ನು ಕೊಂಡರು. ಎಂಜಿನ್ ಗಟ್ಟಿಯಾಗಿತ್ತು, ಚಾಸಿ ನೆಟ್ಟಗಿತ್ತು. ಎಲ್ಲರೂ ಮಾಡುವಂತೆ ಅವರೂ ಮೊದಲು ಬಣ್ಣ ಮಾಡಿಸಿದರು, ಹಾಡಿನ ಪೆಟ್ಟಿಗೆ ಹಾಕಿಸಿದರು. ಸೋಯಾಬೀನಿನ ಸುಗ್ಗಿಯಲ್ಲಿ ಒಂದು ರಾತ್ರಿ ಲಾತೂರಿನಿಂದ ಖಾಲಿ ಗಾಡಿ ಹಿಂತಿರುಗುತ್ತಿದ್ದಾಗ ಮುಂದಿನ ಎರಡು ದೀಪಗಳೂ ಒಟ್ಟಿಗೆ ಆರಿದವು, ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು. ಡ್ರೈವರ್ ಹುಡುಗ ಎದೆಗೆಡದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಬ್ಯಾಟರಿಯ ವೈರು ಕಿತ್ತ. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಜನ ಇದ್ದಿದ್ದರೆ, ಅಥವಾ ರಸ್ತೆಯಲ್ಲಿ ತಿರುವು ಇದ್ದಿದ್ದರೆ, ನಾವು ಬೇರೆ ಬಗೆಯ ಬರಹ ಬರೆಯಬೇಕಾಗುತ್ತಿತ್ತು.

ಮರುದಿನ ಆ ಗಾಡಿಯ ಡ್ಯಾಶ್‌ಬೋರ್ಡ್ ಬಿಚ್ಚುವಾಗ ನಾವೂ ಹತ್ತಿರ ನಿಂತಿದ್ದೆವು. ಕಂಪನಿಯವರು ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ವೈರು ಕೊಟ್ಟಿರುತ್ತಾರೆ. ಅದು ಮುಂದೆ ರಿಪೇರಿ ಮಾಡುವವನಿಗೆ ಬರೆದಿಟ್ಟ ಕಾಗದ ಇದ್ದಂತೆ. ಈ ಗಾಡಿಯಲ್ಲಿ ಆ ಕಾಗದವನ್ನು ಯಾವಾಗಲೋ ಹರಿದು ಹಾಕಿದ್ದರು. ಹಾರ್ನಿಗೂ ಕೆಂಪು, ಹೆಡ್‌ಲೈಟಿಗೂ ಕೆಂಪು, ಹಾಡಿನ ಪೆಟ್ಟಿಗೆಗೂ ಕೆಂಪು. ಹಿಂದಿನ ದೀಪಕ್ಕೆ ಸ್ಪೀಕರಿನ ತೆಳು ವೈರು. ಎಲ್ಲ ಜೋಡುಗಳನ್ನೂ ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದರು, ಟೇಪಿನ ಅಂಟು ಬಿಸಿಲಿಗೆ ಇಳಿದು ಜೋಡು ಬಾಯಿ ಬಿಟ್ಟಿತ್ತು. ಕ್ಯಾಬಿನ್ನಿನ ತಗಡಿನ ತೂತಿನಲ್ಲಿ ಇರಬೇಕಾದ ರಬ್ಬರಿನ ಬಳೆ ಇರಲಿಲ್ಲ. ಗಾಡಿ ಅದುರಿದಾಗಲೆಲ್ಲ ತಗಡಿನ ಅಂಚು ವೈರನ್ನು ಗರಗಸದಂತೆ ಕೊಯ್ದಿತ್ತು. ಹೊಗೆ ಬಂದದ್ದು ಅಲ್ಲಿಂದಲೇ. ಫ್ಯೂಸಿನ ಡಬ್ಬದಲ್ಲಿ ಎರಡು ಕಡೆ ಬೇಗಡೆ.

ಅಲ್ಲಿ ಕಂಡ ಇನ್ನೊಂದು ದೋಷಕ್ಕೆ ಕಾರಣ ಹೊಸ ಬಣ್ಣವೇ. ಗಾಡಿಯಲ್ಲಿ ಪ್ರತಿ ದೀಪಕ್ಕೂ ಬ್ಯಾಟರಿಯಿಂದ ಹೋಗುವ ದಾರಿಗೆ ವೈರು ಇದೆ. ಹಿಂದಿರುಗುವ ದಾರಿ ಗಾಡಿಯ ಕಬ್ಬಿಣದ ಮೈ. ಇದಕ್ಕೇ ಅರ್ಥಿಂಗ್ ಎನ್ನುತ್ತೇವೆ. ದೀಪದ ಕರಿ ವೈರು ಬರಿಯ ಲೋಹಕ್ಕೆ ಬಿಗಿಯಾಗಿ ಕೂತಿರಬೇಕು. ಬಣ್ಣ ಹೊಡೆದವರು ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ, ಕೆಳಗೆಲ್ಲ ಬಣ್ಣ ಬಳಿದು, ಮೇಲೆ ಮತ್ತೆ ಬೋಲ್ಟು ಬಿಗಿದಿದ್ದರು. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಹಿಂದಿರುಗುವ ದಾರಿ ಕಟ್ಟಿದಾಗ ವಿದ್ಯುತ್ತು ಇನ್ನೊಂದು ದೀಪದ ಒಳಗಿಂದ ದಾರಿ ಹುಡುಕುತ್ತದೆ. ಬ್ರೇಕು ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಿಣುಕುವುದು, ಇವೆಲ್ಲ ಕೆಟ್ಟ ಅರ್ಥಿಂಗಿನ ಗುರುತುಗಳು. ಬಲ್ಬು ಬದಲಾಯಿಸುತ್ತ ಹೋದರೆ ಅದು ವಾಸಿಯಾಗದು. ಬಣ್ಣ ಮೊದಲು ಬೇಡ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಹಿಂದಿನ ದೀಪದ ಮಾತನ್ನು ನಾವು ಮತ್ತೆ ಮತ್ತೆ ಎತ್ತುತ್ತಿರುವುದಕ್ಕೆ ಅರ್ಥವಿದೆ. ಮುಂದಿನ ದೀಪ ಆರಿದರೆ ಡ್ರೈವರನಿಗೆ ಕೂಡಲೇ ಗೊತ್ತಾಗುತ್ತದೆ, ಅವನು ನಿಲ್ಲುತ್ತಾನೆ. ಹಿಂದಿನ ದೀಪ ಆರಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಅದರ ಪೆಟ್ಟು ಬೀಳುವುದು ಹಿಂದೆ ಕೂತವರ ಮೇಲೆ, ಇಲ್ಲವೆ ಹಿಂದಿನಿಂದ ಬರುವ ಬಡ ಮೋಟಾರ್ ಸೈಕಲ್ ಸವಾರನ ಮೇಲೆ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಉಮರ್ಗಾದ ಮೇಲೆ ಹಾಯುತ್ತದೆ. ಅಲ್ಲಿ ದೊಡ್ಡ ಲಾರಿಗಳ ವೇಗದ ನಡುವೆ ಕಬ್ಬಿನ ಟ್ರಾಲಿಯೂ ನಡೆಯುತ್ತದೆ, ಎತ್ತಿನ ಗಾಡಿಯೂ ನಡೆಯುತ್ತದೆ, ದೀಪವಿಲ್ಲದ ಪಿಕಪ್ಪೂ ನಡೆಯುತ್ತದೆ. ಕಬ್ಬು ಕಡಿಯಲು ಮರಾಠವಾಡಾದಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುವ ಕುಟುಂಬಗಳು ಮಕ್ಕಳು, ಪಾತ್ರೆ, ಹಾಸಿಗೆ ಸಮೇತ ಇಂಥ ವಾಹನಗಳಲ್ಲೇ ರಾತ್ರಿ ಪ್ರಯಾಣ ಮಾಡುತ್ತವೆ. ಮಳೆಗಾಲದ ಮಂಜಿನಲ್ಲಿ ಘಾಟಿ ಇಳಿಯುವ ನಿಮ್ಮ ತೋಟದ ಗಾಡಿಯ ಪಾಡೂ ಬೇರೆಯಲ್ಲ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳದೆ ಇರಲಾರೆವು. ಪಿಕಪ್ ಸರಕಿನ ಗಾಡಿ, ಜನರನ್ನು ಸಾಗಿಸುವುದಕ್ಕೆ ಅದಕ್ಕೆ ಪರವಾನಗಿ ಇಲ್ಲ. ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಹತ್ತಿದ ಪ್ರಯಾಣಿಕರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಅಂದರೆ ಹಿಂದೆ ಕೂತ ತಾಯಿ, ಮಗು ವಿಮೆಯ ಆಸರೆಯಿಲ್ಲದೆ ಕೂತಿರುತ್ತಾರೆ. ಆಮೇಲೆ ಮಾಲೀಕನ ಹಿಂದೆ ಕೋರ್ಟು ಅಲೆಯಬೇಕು. ವೈರಿಂಗ್ ಸರಿಮಾಡಿದ ಮಾತ್ರಕ್ಕೆ ಜನರನ್ನು ಹೇರಬಹುದೆಂದು ನಾವು ಹೇಳುತ್ತಿಲ್ಲ. ಜನ ಹೋಗಬೇಕಾದಲ್ಲಿ ಜನರ ವಾಹನವೇ ಬರಬೇಕು, ಅದನ್ನು ಕೇಳುವ ಹಕ್ಕು ದುಡಿಯುವವರಿಗಿದೆ. ಆ ದಿನ ಬರುವ ತನಕ ಕತ್ತಲಲ್ಲಿ ಹೋಗುವ ಗಾಡಿಯ ಕೆಂಪು ದೀಪವಾದರೂ ಉರಿಯಲಿ.

ಇನ್ನು ಮುಂದಿನ ದೀಪದ ವಿಷಯ. ಸಾಮಾನ್ಯ ಹ್ಯಾಲೊಜನ್ ಬಲ್ಬು 60/55 ವ್ಯಾಟಿನದು. ಹೈಬೀಮಿನಲ್ಲಿ ಎರಡು ಬಲ್ಬಿಗೆ 120 ವ್ಯಾಟು, 12 ವೋಲ್ಟಿನಿಂದ ಭಾಗಿಸಿದರೆ 10 ಆಂಪಿಯರು. ಬೆಳಕು ಸಾಲದೆಂದು 100/90 ವ್ಯಾಟಿನ ಬಲ್ಬು ಹಾಕಿಸುವವರಿದ್ದಾರೆ. ಆಗ ಎರಡಕ್ಕೆ 200 ವ್ಯಾಟು, ಹದಿನಾರೂವರೆ ಆಂಪಿಯರಿಗೂ ಮೇಲೆ. ವೈರಿನ ಬಿಸಿ ವಿದ್ಯುತ್ತಿನ ವರ್ಗದಂತೆ ಏರುವುದರಿಂದ ಅದೇ ಹಳೆಯ ವೈರಿನಲ್ಲಿ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟು ಆಗುತ್ತದೆ. ಸ್ವಿಚ್ಚು ಕರಗುವುದು ಇದರಿಂದಲೇ. ಅನೇಕ ಹಳೆಯ ಗಾಡಿಗಳಲ್ಲಿ ಬೆಳಕು ಮಂಕಾಗಿರುವುದಕ್ಕೆ ಬಲ್ಬು ಸಣ್ಣದಾದದ್ದು ಕಾರಣವಲ್ಲ, ತುಕ್ಕು ಹಿಡಿದ ಜೋಡುಗಳು ದಾರಿಯಲ್ಲೇ ವೋಲ್ಟು ತಿನ್ನುತ್ತಿರುವುದು ಕಾರಣ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು ಎಳೆದು, ರಿಲೇ ಹಾಕಿದರೆ, ಸ್ವಿಚ್ಚಿನ ಮೇಲೆ ಕಾಲು ಆಂಪಿಯರಿನ ಹೊರೆಯೂ ಬೀಳದು, ಹಳೆಯ ಬಲ್ಬೇ ಬೆಳ್ಳಗೆ ಬೆಳಗುತ್ತದೆ.

ತೇಪೆ ಹಾಕಿದ ಮಿಸ್ತ್ರಿಯನ್ನು ಬೈದು ಮುಗಿಸುವುದು ಸುಲಭ. ನಾವು ಅಷ್ಟಕ್ಕೆ ನಿಲ್ಲುವುದಿಲ್ಲ. ತೇಪೆ ಹುಟ್ಟುವುದು ಹೇಗೆ ನೋಡಿ. ರಾತ್ರಿ ಎಂಟು ಗಂಟೆಗೆ ಲೋಡು ತುಂಬಿದ ಗಾಡಿ ಗ್ಯಾರೇಜಿನ ಮುಂದೆ ನಿಲ್ಲುತ್ತದೆ. ಎಂಜಿನ್ ಕೂಡ ಆರಿಸಿರುವುದಿಲ್ಲ. ಇವತ್ತಿಗೆ ಹೇಗಾದರೂ ನಡೆಸಿಕೊಡು, ನಾಳೆ ಬಂದು ಪೂರ್ತಿ ಮಾಡಿಸುತ್ತೇನೆ ಎನ್ನುತ್ತಾನೆ ಯಜಮಾನ. ಮಿಸ್ತ್ರಿಯ ಕೈಕೆಳಗಿನ ಹದಿನೆಂಟರ ಹುಡುಗ ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕೈಗೆ ಸಿಕ್ಕ ವೈರಿನಿಂದ ದೀಪ ಉರಿಸಿಕೊಡುತ್ತಾನೆ. ಹತ್ತು ನಿಮಿಷದ ಕೆಲಸಕ್ಕೆ ಹತ್ತು ನಿಮಿಷದ ಹಣ. ಆ ನಾಳೆ ಬರುವುದೇ ಇಲ್ಲ. ಮುಂದಿನ ತಿಂಗಳು ಇನ್ನೊಂದು ಗ್ಯಾರೇಜು, ಇನ್ನೊಬ್ಬ ಹುಡುಗ, ತೇಪೆಯ ಮೇಲೆ ತೇಪೆ.

ಅದೇ ಹುಡುಗನಿಗೆ ಎರಡು ದಿನದ ಕೂಲಿ ಕೊಡುತ್ತೇವೆ, ಎಲ್ಲ ಬಿಚ್ಚಿ ಸರಿಮಾಡು ಎಂದು ಹೇಳಿದರೆ ಅವನು ಮಾಡಿಕೊಡಬಲ್ಲ. ಮೇಲೆ ಹೇಳಿದ 207 ಗಾಡಿಯಲ್ಲಿ ನಾವು ಕಂಡದ್ದೇ ಇದು. ಕೆಲಸಕ್ಕೆ ಬೇಕಾದ ಸಮಯಕ್ಕೆ ಕೂಲಿ ಕೊಡದೆ ಒಳ್ಳೆಯ ಕೆಲಸ ಕೇಳುವುದು ಅನ್ಯಾಯ. ತೋಟದಲ್ಲಿ ಇಂಥ ಅನ್ಯಾಯ ಕಂಡಾಗ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡುವ ನಾವು, ಗ್ಯಾರೇಜಿನ ಮುಂದೆ ನಿಂತಾಗ ಅದೇ ಅನ್ಯಾಯ ಮಾಡಬಾರದು. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಿದರೆ ಏನಾಗುತ್ತದೆಂದು ಕರ್ತನು ಹೇಳಿದ ಸಾಮ್ಯ ನಮ್ಮ ಜನಕ್ಕೆ ಹೊಸದಲ್ಲ. ವೈರಿನಲ್ಲೂ ಹಾಗೆಯೇ ಆಗುತ್ತದೆ. ಒಣಗಿ ಬಿರುಸಾದ ಹಳೆಯ ವೈರಿಗೆ ಗಟ್ಟಿ ಹೊಸ ತುಂಡು ಬೆಸೆದರೆ, ಗಾಡಿಯ ಅದುರಿಗೆ ವೈರು ಜೋಡಿನ ಪಕ್ಕದಲ್ಲೇ ಮುರಿಯುತ್ತದೆ.

ಡ್ರೈವರನ ಮಾತನ್ನೂ ಹೇಳಬೇಕು. ದೀಪ ಇಲ್ಲವೆಂದು ಪೊಲೀಸರು ಹಿಡಿದರೆ ದಂಡ ಕಟ್ಟುವವನು ಅನೇಕ ಕಡೆ ಡ್ರೈವರ್. ಅಪಘಾತವಾದರೆ ಮೊದಲು ಏಟು ತಿನ್ನುವವನೂ ಅವನೇ. ಸುಟ್ಟ ವಾಸನೆ ಬರುತ್ತಿದೆ, ಸ್ವಿಚ್ಚು ಬಿಸಿಯಾಗುತ್ತಿದೆ ಎಂದು ಅವನು ಹೇಳಿದರೆ ನೆಪ ಹೇಳುತ್ತಾನೆ ಎಂಬ ಮಾತು ಕೇಳಬೇಕಾಗುತ್ತದೆ. ಎರಡು ಸಲ ಬೈಸಿಕೊಂಡವನು ಮೂರನೆಯ ಸಲ ಹೇಳುವುದಿಲ್ಲ, ತಾನೇ ಬೇಗಡೆ ಸುತ್ತಿಕೊಳ್ಳುತ್ತಾನೆ. ಗಾಡಿಯಲ್ಲಿ ಒಂದು ನೋಟುಬುಕ್ಕು ಇಡಿ. ಡ್ರೈವರ್ ಕಂಡ ದೋಷವನ್ನು ದಿನಾಂಕ ಹಾಕಿ ಅದರಲ್ಲಿ ಬರೆಯಲಿ, ಮಾಲೀಕ ನೋಡಿ ಸಹಿ ಮಾಡಲಿ. ಎಂಟಾಣೆಯ ಕೆಲಸ ಎಂಟು ಜೀವ ಉಳಿಸೀತು.

ಕೆಲವರ ಆಕ್ಷೇಪಣೆ ನಮಗೆ ಗೊತ್ತು. ಇಷ್ಟು ಹಳೆಯ ಗಾಡಿಗೆ ಹಣ ಸುರಿಯುವ ಬದಲು ಗುಜರಿಗೆ ಹಾಕಬಾರದೆ ಎನ್ನುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ಗುಜರಿ ನೀತಿಯನ್ನು ಪ್ರಕಟಿಸಿದೆ, ಫಿಟ್‌ನೆಸ್ ಪರೀಕ್ಷೆಯಲ್ಲಿ ಸೋತ ವಾಹನ ರಸ್ತೆಯಿಂದ ಹೋಗಲಿ ಎಂಬುದು ಅದರ ಉದ್ದೇಶ. ಚಾಸಿ ತುಕ್ಕು ತಿಂದು ಟೊಳ್ಳಾದ ಗಾಡಿಯನ್ನು ಗುಜರಿಗೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಜಿನ್, ಚಾಸಿ ಗಟ್ಟಿಯಾಗಿರುವ ಗಾಡಿ ವೈರಿಂಗ್ ಕೆಟ್ಟಿತೆಂದು ಸಾಯಬೇಕಾಗಿಲ್ಲ. ಹಳೆಯ ಗಾಡಿಗೆ ಒಂದು ಸದ್ಗುಣವಿದೆ. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪ್ರತಿ ವೈರನ್ನೂ ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ನೋಡಬಹುದು. ತಾಳ್ಮೆ ಇರುವ ಮಿಸ್ತ್ರಿಗೆ ಒಂದು ಟೆಸ್ಟ್ ಲ್ಯಾಂಪು, ಒಂದು ಮೀಟರು ಸಾಕು. ಎರಡು ರಿಲೇ, ನಾಲ್ಕು ಫ್ಯೂಸ್ ಹೋಲ್ಡರು ಬಂಪರಿನ ಅಲಂಕಾರಕ್ಕಿಂತ ಅಗ್ಗ.

ಮಾಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಎಲ್ಲಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು, ಆಮೇಲೆ ಪಾಸಿಟಿವ್. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರಿ ಬ್ಯಾಟರಿಯೇ ಸಿಡಿದೀತು. ಹಾಕುವಾಗ ನೆಗೆಟಿವ್ ಕೊನೆಗೆ. ಎರಡನೆಯದಾಗಿ, ಇದ್ದದ್ದನ್ನು ಇದ್ದ ಹಾಗೆ ಕಾಗದದ ಮೇಲೆ ಬರೆದುಕೊಳ್ಳಬೇಕು. ಬಳಿಕ ಹೊರಗಿನಿಂದ ಸೇರಿಸಿದ ವೈರುಗಳನ್ನೆಲ್ಲ, ಹಾಡಿನ ಪೆಟ್ಟಿಗೆ, ಮಿಣುಕು ದೀಪ, ಎರಡನೆಯ ಹಾರ್ನು ಎಲ್ಲವನ್ನೂ ಕಿತ್ತು ಬದಿಗಿಡಬೇಕು. ಅಸಲು ವೈರಿಂಗ್ ಆಗಲೇ ಕಣ್ಣಿಗೆ ಬೀಳುವುದು. ಆಮೇಲೆ ಅರ್ಥಿಂಗ್. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ, ಕ್ಯಾಬಿನ್ನಿಗೆ, ಹಿಂದಿನ ಡಬ್ಬಕ್ಕೆ ಇರುವ ಪ್ರತಿ ಬೋಲ್ಟಿನ ಕೆಳಗೆ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಬೇಕು.

ಅರ್ಥಿಂಗ್ ಮುಗಿದ ಮೇಲೆ ಹಿಂದಿನ ದೀಪ ಮತ್ತು ಬ್ರೇಕಿನ ದೀಪ, ಅದರ ನಂತರವೇ ಮುಂದಿನ ದೀಪ, ಹಾರ್ನು, ವೈಪರು. ಜೋಡುಗಳನ್ನು ಹೊಸೆದು ಬಿಡದೆ ಲಗ್ ಒತ್ತಿಸಿ ಸ್ಲೀವ್ ಹಾಕಬೇಕು. ತಗಡಿನ ತೂತಿಗೆಲ್ಲ ರಬ್ಬರಿನ ಬಳೆ. ಫ್ಯೂಸಿನ ಬಣ್ಣ ನೋಡಿ ಮೋಸಹೋಗಬಾರದು. ಹಳೆಯ ಪಿಂಗಾಣಿ ಫ್ಯೂಸಿನಲ್ಲಿ ಕೆಂಪು ಎಂದರೆ 16 ಆಂಪಿಯರು, ಈಗಿನ ಚಪ್ಪಟೆ ಫ್ಯೂಸಿನಲ್ಲಿ ಕೆಂಪು ಎಂದರೆ 10. ಕೊನೆಗೆ ಮೀಟರ್ ಹಿಡಿದು ನೋಡಬೇಕು. ತುಂಬಿದ ಬ್ಯಾಟರಿ ನಿಂತಲ್ಲಿ ಸುಮಾರು 12.6 ವೋಲ್ಟು, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. 15 ದಾಟಿದರೆ ಕಟೌಟ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸಾಲಾಗಿ ಹೋಗುತ್ತವೆ. ಯಾವ ಫ್ಯೂಸು ಯಾವ ಕೆಲಸಕ್ಕೆ ಎಂಬುದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಫ್ಯೂಸಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿ. ಕತ್ತಲಲ್ಲಿ ಒಬ್ಬಂಟಿಯಾಗಿ ನಿಂತ ಡ್ರೈವರನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಮ್ಮೆ ಮಾಡಿಸಿದರೆ ಜನ್ಮಕ್ಕೆ ಸಾಕೆಂದು ತಿಳಿಯಬೇಡಿ. ನಮ್ಮಲ್ಲಿ ವೈಶಾಖದ ಬಿಸಿಲು 40 ಡಿಗ್ರಿ ದಾಟಿದಾಗ ಟೇಪಿನ ಅಂಟು ನೀರಾಗುತ್ತದೆ. ಧಾನ್ಯದ ಗೋದಾಮಿನ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ನಿಮ್ಮಲ್ಲಿ ಬಿಸಿಲಿನ ಕಾಟ ಕಡಿಮೆ, ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಬಿಡುವುದಿಲ್ಲ, ತಾಮ್ರದ ಜೋಡಿಗೆ ಹಸಿರು ಕಿಲುಬು ಹತ್ತುತ್ತದೆ. ಇಲ್ಲಿಯವರು ಬೇಸಿಗೆ ಕಳೆದ ಮೇಲೆ, ತೋಟದವರು ಮಳೆ ಹಿಡಿಯುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಸರ್ಕಾರದ ಫಿಟ್‌ನೆಸ್ ಇದೆಯಲ್ಲ ಎಂದು ಕೇಳಬಹುದು. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನಕ್ಕೆ ಫಿಟ್‌ನೆಸ್ ಪತ್ರ ಬೇಕು, ಎಂಟು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ. ಆದರೆ ಎಷ್ಟೋ ಗಾಡಿಗಳು ಆ ಒಂದು ದಿನಕ್ಕೆ ಮದುಮಗನಂತೆ ಸಿಂಗಾರವಾಗಿ ಹೋಗಿ ಬರುತ್ತವೆ. ದೀಪ ಆ ದಿನ ಉರಿಯುತ್ತದೆ, ವಾರದೊಳಗೆ ಮತ್ತೆ ಕತ್ತಲು. ವರ್ಷದಲ್ಲಿ ಒಂದು ದಿನ ಅಧಿಕಾರಿ ನೋಡುತ್ತಾನೆ. ಉಳಿದ 364 ದಿನ ನೋಡಬೇಕಾದವರು ನಾವೇ.

ಆದ್ದರಿಂದ ತೋಟದ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ಸಂಜೆಯ ಮೇಲೆ ಹೊರಡುವ ಗಾಡಿಗೆ ಹತ್ತುವ ಮೊದಲು ನಿಮ್ಮಲ್ಲಿ ಒಬ್ಬರು ಅದರ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿ. ಡ್ರೈವರನಿಗೆ ಲೈಟ್ ಹಾಕಲು, ಬ್ರೇಕ್ ಒತ್ತಲು, ಎಡ ಬಲ ಇಂಡಿಕೇಟರ್ ಕೊಡಲು ಹೇಳಿ. ಒಂದು ನಿಮಿಷದ ಕೆಲಸ, ಶಾಲೆಗೆ ಹೋಗುವ ಮಗುವೂ ಮಾಡಬಲ್ಲದು. ಎರಡೂ ಕೆಂಪು ದೀಪ ಉರಿಯದಿದ್ದರೆ ಹತ್ತಬೇಡಿ. ಒಬ್ಬರೇ ಹೇಳಿದರೆ ಗದರಿಸಿ ಕೂರಿಸುತ್ತಾರೆ, ಲೈನಿನವರೆಲ್ಲ ಕೂಡಿ ಹೇಳಿದರೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಗಾಡಿ ನಿಮ್ಮದೇ ಆಗಿದ್ದರೆ ಬಣ್ಣದ ಡಬ್ಬವನ್ನು ಇನ್ನೊಂದು ಸುಗ್ಗಿಯ ತನಕ ಅಂಗಡಿಯಲ್ಲೇ ಬಿಡಿ. ಆ ಹಣವನ್ನು ವೈರಿಂಗ್ ಮಿಸ್ತ್ರಿಗೆ ಎರಡು ದಿನದ ಕೂಲಿಯೆಂದು ಕೊಟ್ಟು, ಅವನ ಹತ್ತಿರ ಕೂತು ಕೆಲಸ ಮುಗಿಯುವವರೆಗೆ ನೋಡಿ.